ಎಂಟು ಹಲಗೆಯ ಸಮುದ್ರ

ಮೇಸ್ತ್ರಿಗೆ ಹೆಂಡತಿಯ ಕಣ್ಣಿನ ವಿಷಯ ಗೊತ್ತಾದದ್ದು ಚಂದ್ರನ ದೆಸೆಯಿಂದ.

ಇಬ್ಬರೂ ಒಂದೇ ರಂಗಮಂದಿರದಲ್ಲಿ ಕೆಲಸ ಮಾಡುವವರು. ಅವನು ಬಡಗಿ; ನಾಟಕಕ್ಕೆ ಬೇಕಾದ ಮೆಟ್ಟಿಲು, ಕಿಟಕಿ, ಸಿಂಹಾಸನ, ನೇಣುಗಂಬ ಎಲ್ಲವೂ ಅವನ ಕೈಯಿಂದಲೇ ಹುಟ್ಟಬೇಕು. ಅವಳು ಪರದೆಗೆ ಬಣ್ಣ ಬರೆಯುವವಳು. ನಟರಿಗೆ, ದೀಪದವರಿಗೆ, ಕಸ ಗುಡಿಸುವವರಿಗೆ ಎಲ್ಲರಿಗೂ ಅವಳು ಪರದೆಯಕ್ಕ. ಮೂವತ್ತೊಂದು ವರ್ಷದಿಂದ ಅವಳು ನಲವತ್ತಡಿ ಬಟ್ಟೆಯನ್ನು ಕಾರ್ಯಾಗಾರದ ನೆಲಕ್ಕೆ ಹಾಸಿ, ಬರಿಗಾಲಲ್ಲಿ ಅದರ ಮೇಲೆ ಓಡಾಡುತ್ತ, ಉದ್ದ ಕೋಲಿಗೆ ಬಿಗಿದ ಕುಂಚದಿಂದ ಕಾಡು, ಅರಮನೆ, ರೈಲ್ವೆ ನಿಲ್ದಾಣಗಳನ್ನು ಬರೆಯುತ್ತಿದ್ದಳು. ನಡುನಡುವೆ ಕಬ್ಬಿಣದ ಏಣಿ ಹತ್ತಿ, ಗೋಡೆಯುದ್ದಕ್ಕೂ ಹಾದುಹೋದ ಕಿರಿದಾದ ಅಟ್ಟದ ಮೇಲೆ ನಿಂತು, ಇಡೀ ಬಟ್ಟೆಯನ್ನು ಮೇಲಿನಿಂದ ನೋಡುವಳು. ಅಲ್ಲಿಂದ ಕಂಡರೇನೇ ತಾನು ಏನು ಬರೆದಿದ್ದೇನೆಂದು ತನಗೇ ತಿಳಿಯುವುದು ಎನ್ನುವಳು.

ಹೋದ ವರ್ಷ ಒಂದು ಬೆಳಗ್ಗೆ ಹಾಗೆ ಅಟ್ಟದ ಮೇಲೆ ನಿಂತವಳು, "ರೀ, ಚಂದ್ರನ್ನ ಯಾರು ಅಳಿಸಿದ್ದು?" ಎಂದು ಕೇಳಿದಳು.

ಮೇಸ್ತ್ರಿ ಕೆಳಗೆ ಉಜ್ಜುಗೊರಡು ಹಿಡಿದು ನಿಂತಿದ್ದ. ಪರದೆಯ ನಟ್ಟನಡುವೆ ಚಂದ್ರ ಊಟದ ಮೇಜಿನಷ್ಟು ಅಗಲವಾಗಿ ಇದ್ದಲ್ಲೇ ಇದ್ದ.

"ಇಲ್ಲೇ ಇದ್ದಾನಲ್ಲೆ."

ಅವಳು ಕತ್ತು ಹೊರಳಿಸಿದಳು. "ಹೌದು. ನೇರ ನೋಡಿದ್ರೆ ಹೋಗ್ತಾನೆ, ಬೇರೆ ಕಡೆ ನೋಡಿದ್ರೆ ಬರ್ತಾನೆ."

ಮಾತು ನಗೆಚಾಟಿಕೆಯಂತೆ ಕೇಳಿಸಿತು. ಆದರೆ ಏಣಿ ಇಳಿಯುವಾಗ ಅವಳು ಎರಡೂ ಕೈಯಿಂದ ಕಂಬಿ ಹಿಡಿದುಕೊಂಡದ್ದನ್ನು ಅವನು ನೋಡಿದ.

ನೋಟದ ನಡುಭಾಗ ಸವೆಯುತ್ತಿದೆ, ಅಂಚು ಉಳಿಯುತ್ತದೆ ಎಂದರು ಕಣ್ಣಿನ ಡಾಕ್ಟರು. ಓದುವುದು ಕಷ್ಟವಾಗುತ್ತದೆ, ಮುಖ ಗುರುತಿಸುವುದು ಕಷ್ಟವಾಗುತ್ತದೆ, ಓಡಾಟಕ್ಕೆ ಅಷ್ಟೊಂದು ತೊಂದರೆಯಿಲ್ಲ. "ಪರದೆ?" ಎಂದು ಮೇಸ್ತ್ರಿ ಕೇಳಿದ. ಡಾಕ್ಟರಿಗೆ ಅವನು ಕಿಟಕಿಯ ಪರದೆಯ ಮಾತಾಡುತ್ತಿದ್ದಾನೆ ಎನಿಸಿತು. "ಹಾಕ್ಕೊಳ್ಳಿ, ಬಿಸಿಲು ಕಣ್ಣಿಗೆ ಹೊಡೀದೆ ಇದ್ರೆ ಒಳ್ಳೇದೇ," ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ಗಂಡ ಹೆಂಡತಿ ಅದನ್ನು ನೆನೆನೆನೆದು ನಕ್ಕರು. ಬೀಗ ತೆಗೆದು ಒಳಗೆ ಹೋದ ಮೇಲೆ ಇಬ್ಬರೂ ನಗಲಿಲ್ಲ.

ಪರದೆಯಕ್ಕ ಕುಂಚಗಳನ್ನು ತೊಳೆದು, ಒಣಗಿಸಿ, ಹಳೆಯ ದಿಂಬಿನ ಚೀಲದಲ್ಲಿ ಕಟ್ಟಿಟ್ಟಳು. ರಂಗಮಂದಿರಕ್ಕೆ ಬರುವುದನ್ನೇನೂ ಬಿಡಲಿಲ್ಲ. ಕಾರ್ಯಾಗಾರದಲ್ಲಿ ಬಿಸಿಲು ಬೀಳದ ಕಡೆ ಕುರ್ಚಿ ಹಾಕಿಕೊಂಡು, ಬೆರಳಿನ ಅಂದಾಜಿನಲ್ಲೇ ಪರದೆಗಳಿಗೆ ಉಂಗುರ ಹೊಲಿಯುತ್ತ ಕೂರುವಳು. ಮೊದಲು ಕೆಲಸದ ನಡುವೆ ಗುನುಗುತ್ತಿದ್ದವಳು ಈಗ ಗುನುಗುತ್ತಿರಲಿಲ್ಲ. ಮೇಸ್ತ್ರಿಗೆ ತನ್ನ ಗರಗಸದ ಸದ್ದೇ ದೊಡ್ಡದಾಗಿ ಕೇಳತೊಡಗಿತು.

ಮೇಸ್ತ್ರಿಯ ಅಕ್ಕನ ಮಗಳು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು. ಮನೆಮಂದಿಗೆಲ್ಲ ಅವಳು ಲೆಕ್ಕದ ಟೀಚರ್. ಚಿಕ್ಕವಳಿದ್ದಾಗಲೂ ತಟ್ಟೆಯ ಬಿಸ್ಕತ್ತನ್ನು ಎಣಿಸದೆ ಬಾಯಿಗಿಡುತ್ತಿರಲಿಲ್ಲವಂತೆ. ಒಂದು ಭಾನುವಾರ ಅತ್ತೆಯನ್ನು ನೋಡಲು ಬಂದವಳು ಕೈಚೀಲದಿಂದ ಒಂದು ಆಟಿಕೆ ತೆಗೆದು ಅತ್ತೆಯ ಮಡಿಲಿಗಿಟ್ಟಳು.

"ಕೈಗೆ ಕೆಲಸ ಇರ್ಲಿ ಅಂತ ತಂದೆ ಅತ್ತೆ. ಇದಕ್ಕೆ ಕಣ್ಣೇನೂ ಬೇಕಾಗಿಲ್ಲ."

ಅಂಗೈಯಗಲದ ಎಂಟು ಚೌಕಗಳು, ಮೇಲೆ ನಾಲ್ಕು, ಕೆಳಗೆ ನಾಲ್ಕು. ಚೌಕಗಳ ಮೈಮೇಲಿನ ಗೀರುಗಳಲ್ಲಿ ಓಡುವ ಸಣ್ಣ ದಾರಗಳು ಅವನ್ನು ಒಂದಕ್ಕೊಂದು ಹಿಡಿದಿದ್ದವು. ಅಂಟಿಲ್ಲ, ಮೊಳೆಯಿಲ್ಲ. ಪುಸ್ತಕದಂತೆ ಮಡಚಿದರೆ ಮಡಚಿಕೊಳ್ಳುವುದು. ಬಿಡಿಸಹೋದರೆ ಮಡಚಿದ ಕಡೆ ಬಿಟ್ಟು ಬೇರೆಯೇ ಕಡೆಯಿಂದ ತೆರೆದುಕೊಳ್ಳುವುದು. ನೋಡನೋಡುತ್ತಿದ್ದಂತೆ ಉದ್ದನೆಯದು ಗಿಡ್ಡವಾಯಿತು, ಗಿಡ್ಡದ್ದು ಮನೆಯಂತೆ ಎದ್ದು ನಿಂತಿತು, ಮತ್ತೆ ಚಪ್ಪಟೆಯಾಯಿತು.

ಮೇಸ್ತ್ರಿ ಅದನ್ನು ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದ. "ಬಾಗಿಲಂದ ಮೇಲೆ ಕೀಲು ಒಂದು ಕಡೆ ಇರ್ಬೇಕಲ್ಲಮ್ಮ. ಇದಕ್ಕೆಲ್ಲಿದೆ?"

"ಎರಡೂ ಕಡೆ ಇದೆ ಮಾವ. ನೀವು ಯಾವ ಕಡೆ ತೆಗೀತೀರೋ ಅದು ಬಾಗಿಲಾಗುತ್ತೆ, ಉಳಿದಿದ್ದು ಕೀಲಾಗುತ್ತೆ."

ಮೂವತ್ತು ವರ್ಷ ಬಾಗಿಲು ಕೂರಿಸಿದ ಮನುಷ್ಯನಿಗೆ ಆ ಮಾತು ಒಳಗೆಲ್ಲೋ ಕಚಗುಳಿಯಿಟ್ಟಿತು. ಅಷ್ಟರಲ್ಲಿ ಪರದೆಯಕ್ಕ ಆಟಿಕೆಯನ್ನು ಹಿಂದಕ್ಕೆ ಪಡೆದು, ಮುಖ ಕಿಟಕಿಗೆ ತಿರುಗಿಸಿ, ಆಟಿಕೆಯನ್ನು ಕಿವಿಯ ಹತ್ತಿರ ಹಿಡಿದುಕೊಂಡಿದ್ದಳು.

"ಇಡೀದು ಕಾಣಲ್ಲ," ಎಂದಳು. "ಒಂದೇ ಒಂದು ಚೌಕ ಪಕ್ಕಕ್ಕಿಟ್ಕೊಂಡ್ರೆ ಮಾತ್ರ ಚೆನ್ನಾಗಿ ಕಾಣುತ್ತೆ. ಹೊಳೆಯೋದೂ ಕಾಣುತ್ತೆ."

ಆ ಮಾತು ಮೇಸ್ತ್ರಿಯ ತಲೆಯಲ್ಲಿ ಕೂತುಬಿಟ್ಟಿತು. ವಾರವೆಲ್ಲ ಅಂಗಿಗಂಟಿದ ಮರದ ಹೊಟ್ಟನ್ನು ಕೊಡವುವಾಗಲೂ ಅದೇ ನೆನಪು.

ಆ ತಿಂಗಳ ಕೊನೆಗೆ ನಿರ್ದೇಶಕಿ ಹೊಸ ನಾಟಕದ ಕಾಗದಗಳನ್ನು ಹಿಡಿದುಕೊಂಡು ಕಾರ್ಯಾಗಾರಕ್ಕೆ ಬಂದಳು. ಸಣ್ಣ ಕಥೆ. ಒಬ್ಬ ದೀಪಸ್ತಂಭ ಕಾಯುವವನು. ಅವನ ಹೆಂಡತಿ ಹಡಗೊಂದರಲ್ಲಿ ಅಡುಗೆಯವಳು. ಆ ಹಡಗಿಗೆ ದಡ ಮುಟ್ಟಲು ಯಾವತ್ತೂ ಅಪ್ಪಣೆ ಸಿಗುವುದಿಲ್ಲ. ವರ್ಷಗಟ್ಟಲೆ ಅದು ಅವನ ಕಣ್ಣಳತೆಯಲ್ಲೇ ಹಾದುಹೋಗುತ್ತದೆ. ಕೊನೆಯಲ್ಲಿ ಹಡಗು, ದೀಪಸ್ತಂಭ ಪಕ್ಕಪಕ್ಕ ಬರಬೇಕು, ಪರದೆ ಬೀಳಬೇಕು.

"ಬರೆಯೋರು ಯಾರೂ ಇಲ್ಲ," ಎಂದಳು ನಿರ್ದೇಶಕಿ, ಪರದೆಯಕ್ಕನ ಕಡೆ ನೋಡದೆ. "ಕಪ್ಪು ಬಟ್ಟೆ ಇಳಿಬಿಟ್ಟು ಮುಗಿಸಿಬಿಡೋಣ ಮೇಸ್ತ್ರಿ."

"ಎಂಟು ಹಲಗೆ ಮಾಡ್ತೀನಿ," ಎಂದ ಮೇಸ್ತ್ರಿ. "ಮಡಚಿದ್ರೆ ಚಿತ್ರ ಬದಲಾಗೋ ಹಾಗೆ. ಇವಳು ಬರೀತಾಳೆ."

ಹಿಂದೆ ಕುರ್ಚಿಯಲ್ಲಿ ಸೂಜಿ ನಿಂತದ್ದು ಅವನಿಗೆ ನೋಡದೆಯೇ ತಿಳಿಯಿತು.

ಮನೆಗೆ ಹೋದ ಮೇಲೆ ಪರದೆಯಕ್ಕ ಹೇಳಿದ್ದು ಇಷ್ಟೇ: "ನನ್ನ ಕೈಯಲ್ವ ಅದು? ನನ್ನನ್ನ ಕೇಳ್ದೆ ಕೊಟ್ಟುಬಿಟ್ರಲ್ಲ." ಎರಡು ದಿನ ಮಾತಿಲ್ಲ. ಊಟಕ್ಕೆ ತಟ್ಟೆ ಇಡುವ ಸದ್ದಿನಲ್ಲೇ ಬೈಗುಳವೆಲ್ಲ ಇತ್ತು. ಮೇಸ್ತ್ರಿ ತಪ್ಪಾಯಿತು ಎನ್ನಲು ಹೋಗಿ, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ, ಉಪ್ಪು ಕೇಳಿದ. ಮೂರನೆಯ ದಿನ ಬೆಳಗ್ಗೆ ತಲೆ ಬಾಚಿಕೊಳ್ಳುತ್ತ ಅವಳೇ ಕೇಳಿದಳು.

"ಹಲಗೆ ಎಷ್ಟಡಿ?"

"ನಾಲ್ಕಕ್ಕೆ ನಾಲ್ಕು ಅಂದ್ಕೊಂಡಿದೀನಿ."

"ಮೂರೂವರೆ ಮಾಡಿ. ನಾಲ್ಕಾದ್ರೆ ಆ ತುದಿ ನನ್ನ ಕಣ್ಣಿಗೆ ಸಿಗಲ್ಲ."

ಮೇಸ್ತ್ರಿ ತೆಳ್ಳನೆಯ ಮರದಿಂದ ಎಂಟು ಚೌಕಟ್ಟು ಮಾಡಿ ಕ್ಯಾನ್ವಾಸ್ ಬಿಗಿದ. ಅದು ಸುಲಭದ ಕೆಲಸ. ಜೀವ ತೆಗೆದದ್ದು ದಾರಗಳು. ಹಗ್ಗ ಹಾಕಿದರೆ ಮಡಿಕೆಯಲ್ಲಿ ಸಿಕ್ಕಿಕೊಂಡಿತು, ತಂತಿ ಹಾಕಿದರೆ ಮರವನ್ನೇ ಕೊರೆಯಿತು. ಕೊನೆಗೆ ಚೀಲ ಹೊಲಿಯುವವನ ಅಂಗಡಿಯಲ್ಲಿ ಹೆಗಲಪಟ್ಟಿಗೆ ಹಾಕುವ ನೈಲಾನ್ ಪಟ್ಟಿ ಸಿಕ್ಕಿತು. ಒಂದು ಪಟ್ಟಿ ಈ ಹಲಗೆಯ ಮುಂದಿನಿಂದ ಹೊರಟು ಆ ಹಲಗೆಯ ಹಿಂದೆ ನುಗ್ಗಬೇಕು, ಇನ್ನೊಂದು ಅದಕ್ಕೆ ತಿರುಗುಮುರುಗು. ಹನ್ನೊಂದು ದಿನ ಹಿಡಿಯಿತು. ಹನ್ನೆರಡನೆಯ ದಿನ ದೀಪದವನನ್ನು ಜೊತೆಗೆ ಕರೆದುಕೊಂಡು ಮೊದಲ ಸಲ ಮಡಚಿದಾಗ ಎಂಟೂ ಹಲಗೆಗಳು ಟಪಟಪನೆ ಒಂದರ ಮೇಲೊಂದು ಬಿದ್ದ ಸದ್ದಿಗೆ ಚಾವಣಿಯ ಪಾರಿವಾಳಗಳೆಲ್ಲ ಎದ್ದು ಹಾರಿದವು. ಬಿಡಿಸಿದಾಗ ಒಂದೊಂದು ಹಲಗೆಯೂ ಗಾಳಿಯಲ್ಲಿ ಅರೆಗಳಿಗೆ ನಿಂತು, ಎಲ್ಲಿಗೆ ಹೋಗಲಿ ಎಂದು ಯೋಚಿಸಿ, ನಿಧಾನವಾಗಿ ಇಳಿಯಿತು. ನೀರಿನೊಳಗೆ ಬಾಗಿಲು ತೆರೆದುಕೊಂಡಂತಿತ್ತು. ಮೇಸ್ತ್ರಿ ಅದನ್ನು ಆರು ಸಲ ಮಡಚಿಸಿ ಬಿಡಿಸಿದ. ಏಳನೆಯ ಸಲಕ್ಕೆ ದೀಪದವನು ಟೀ ಕುಡಿದು ಬರ್ತೀನಿ ಎಂದು ತಪ್ಪಿಸಿಕೊಂಡ.

ಮಡಚಿ ಬಿಡಿಸುವಾಗ ಕೆಲವು ಹಲಗೆ ತಲೆಕೆಳಗಾಗುತ್ತವೆ ಎಂದು ಲೆಕ್ಕದ ಟೀಚರ್ ಮೊದಲೇ ಎಚ್ಚರಿಸಿದ್ದಳು. ಪರದೆಯಕ್ಕ ಅದಕ್ಕೆ ತಕ್ಕ ಹಾಗೆ ಬರೆದಳು. ನೀರು ಬರೆಯುವ ಕಡೆ, ತಿರುಗಿಸಿಟ್ಟರೆ ಮೋಡವಿರುವ ಆಕಾಶವಾಗಬೇಕು; ಬಂಡೆಯ ನೆರಳು ತಿರುಗಿದರೆ ಹಕ್ಕಿಗಳ ಗುಂಪಾಗಬೇಕು. ಮೊದಲ ಹಲಗೆಯ ಮೇಲೆ ಹಡಗು, ಮೂರನೆಯದರ ಮೇಲೆ ದೀಪಸ್ತಂಭ, ಅವೆರಡರ ನಡುವಿನ ಎರಡನೆಯದರಲ್ಲಿ ಬರೀ ಸಮುದ್ರ.

ಬರೆಯುವ ರೀತಿಯೇ ನೋಡುವಂತಿತ್ತು. ಹಲಗೆಗೆ ಪಕ್ಕೆ ಕೊಟ್ಟು ಕೂತು, ಕೋಳಿ ಕಾಳು ನೋಡಿದಂತೆ ಕತ್ತು ಓರೆ ಮಾಡಿ, ಎದುರುಗೋಡೆಯನ್ನು ದಿಟ್ಟಿಸುತ್ತ ಅವಳು ಕುಂಚವನ್ನು ಪಕ್ಕಕ್ಕೆ ಚಾಚುವಳು. "ಅಕ್ಕ ಗೋಡೆ ಜೊತೆ ಜಗಳ ಆಡ್ತಾ ಹಲಗೆಗೆ ಬಣ್ಣ ಬಳೀತಾರೆ," ಎಂದು ದೀಪದವನು ನಕ್ಕ. ಅವಳೂ ನಕ್ಕಳು. ದೀಪಸ್ತಂಭ ಒಂದಕ್ಕೇ ಹನ್ನೆರಡು ದಿನ ಬೇಕಾಯಿತು. ಸಂಜೆಯ ಹೊತ್ತಿಗೆ ಕಣ್ಣು ಉರಿಯುತ್ತಿತ್ತು. ಮೇಸ್ತ್ರಿ ಒದ್ದೆ ಬಟ್ಟೆ ಮಡಚಿ ರೆಪ್ಪೆಗಳ ಮೇಲಿಡುವನು. ಆದರೆ ಐದನೆಯ ಹಲಗೆಗೆ ಬರುವಷ್ಟರಲ್ಲಿ ಅವಳು ಗುನುಗತೊಡಗಿದ್ದಳು.

ನಾಟಕಕ್ಕೆ ಒಂಬತ್ತು ದಿನ ಉಳಿದಿತ್ತು. ಎಂಟು ಹಲಗೆಗಳೂ ಒಣಗಿದವು. ನಾಲ್ಕು ಮೇಲೆ, ನಾಲ್ಕು ಕೆಳಗೆ ನಿಂತಾಗ ಬೆಳಗಿನ ಬಂದರು ಕಣ್ತುಂಬ ಬಂತು. ಇನ್ನುಳಿದದ್ದು ಕೊನೆಯ ದೃಶ್ಯ. ಹಡಗು, ದೀಪಸ್ತಂಭ ಪಕ್ಕಪಕ್ಕ ಬರುವಂಥ ಮಡಿಕೆಯೊಂದನ್ನು ಹುಡುಕುವುದು. ಮೇಸ್ತ್ರಿ ರಟ್ಟಿನಲ್ಲಿ ಪುಟ್ಟದೊಂದು ಮಾದರಿ ಮಾಡಿಕೊಂಡು ಕೂತ. ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದ. ಹಡಗು ಎಡಕ್ಕೆ ಬಂತು, ಬಲಕ್ಕೆ ಬಂತು, ತಲೆಕೆಳಗಾಯಿತು, ದೀಪಸ್ತಂಭದ ಹಿಂದೆಯೇ ಬಚ್ಚಿಟ್ಟುಕೊಂಡಿತು. ಅದರ ಪಕ್ಕಕ್ಕೆ ಮಾತ್ರ ಬರಲಿಲ್ಲ. ನಾಲ್ಕು ದಿನ ಕಳೆದವು. ಬಸ್ಸಿನಲ್ಲಿ ಮಡಚಿದ, ಹಲ್ಲುಜ್ಜುವಾಗ ಮಡಚಿದ.

ಸುದ್ದಿ ತಿಳಿದು ಲೆಕ್ಕದ ಟೀಚರ್ ಕಾಲೇಜು ಮುಗಿಸಿಕೊಂಡು ಬಂದಳು. ಒಂದು ಸೀಮೆಸುಣ್ಣ ಕೇಳಿ ಪಡೆದು, ಕಾರ್ಯಾಗಾರದ ನೆಲದ ಮೇಲೆ ಚದುರಂಗದ ಮನೆಗಳಂತೆ ಗೆರೆ ಎಳೆದು, ಒಂದು ಬಿಟ್ಟು ಒಂದಕ್ಕೆ ಇದ್ದಿಲು ತಿಕ್ಕಿದಳು.

"ಮಾವ, ನಿಮ್ಮ ಎಂಟು ಹಲಗೆ ಒಂದು ಉಂಗುರ. ಹೇಗೆ ಮಡಚಿದ್ರೂ ಪಟ್ಟಿ ಬಿಚ್ಚಲ್ಲ, ಅಲ್ವ? ಒಂದರ ಪಕ್ಕ ಎರಡು, ಎರಡರ ಪಕ್ಕ ಮೂರು. ಅದು ಕೊನೆವರೆಗೂ ಹಾಗೇ."

"ಸರಿ."

"ಒಂದನೇದನ್ನ ಕಪ್ಪು ಮನೇಲಿ ಇಡಿ. ಎಲ್ಲಾ ಬಿಡಿಸಿ ಚಪ್ಪಟೆ ಹಾಸಿದ್ರೆ ಎರಡನೇದು ಅದರ ಪಕ್ಕದ ಮನೇಗೆ ಬರ್ಬೇಕು. ಅದು ಯಾವ ಕಡೆಗಾದ್ರೂ ಆಗ್ಲಿ, ಬಿಳೀದೇ. ಮೂರನೇದು ಬಿಳಿ ಪಕ್ಕಕ್ಕೆ. ಅಂದ್ರೆ?"

"ಕಪ್ಪು."

"ಹಡಗೂ ಕಪ್ಪಲ್ಲಿ, ದೀಪಸ್ತಂಭಾನೂ ಕಪ್ಪಲ್ಲಿ. ಎರಡು ಕಪ್ಪು ಮನೆ ಯಾವತ್ತಾದ್ರೂ ಒಂದೇ ಗೆರೆ ಹಂಚ್ಕೊಂಡಿದ್ದು ನೋಡಿದೀರಾ? ಸಾವಿರ ಸಲ ಮಡಚಿ, ಇಲ್ಲ."

ಮೇಸ್ತ್ರಿ ನೆಲವನ್ನು ನೋಡಿದ, ಅವಳನ್ನು ನೋಡಿದ. "ಕಾಗದದ ಮೇಲೆ ಹಾಗಿರ್ಬೋದು. ಮರಕ್ಕೆ ಸ್ವಲ್ಪ ಸಡಿಲ ಇರುತ್ತಮ್ಮ," ಎಂದ.

"ಸಡಿಲಕ್ಕೆ ಇದು ಬಗ್ಗಲ್ಲ ಮಾವ," ಎಂದಳು ಅವಳು ಮೆತ್ತಗೆ.

ಮೂರನೆಯದನ್ನೂ ನಾಲ್ಕನೆಯದನ್ನೂ ಬಿಚ್ಚಿ ಅದಲುಬದಲು ಮಾಡಿದರೆ? ಮಾಡಬಹುದಿತ್ತು. ಆದರೆ ಆಗ ಮೊದಲ ಚಿತ್ರದ ದಡದ ಗೆರೆ ಎರಡು ಕಡೆ ತುಂಡಾಗುತ್ತಿತ್ತು. ಹೊಸದಾಗಿ ಬರೆ ಎಂದು ಹೆಂಡತಿಗೆ ಹೇಳುವ ಬಾಯಿ ಅವನಿಗಿರಲಿಲ್ಲ; ಮೊದಲ ತಪ್ಪಿನ ಸಂಕೋಚವೇ ಇನ್ನೂ ಆರಿರಲಿಲ್ಲ. ಅವನು ಮತ್ತೆ ಮಾದರಿ ಹಿಡಿದು ಕೂತ.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಮರದ ಹೊಟ್ಟಿನ ಚೀಲಕ್ಕೆ ತಲೆ ಕೊಟ್ಟು ಒರಗಿದವನಿಗೆ ಜೊಂಪು ಹತ್ತಿತು. ಕನಸಿನಲ್ಲೊಂದು ಮನೆ. ಹೊರಗೋಡೆ ಎಲ್ಲೂ ಇರಲಿಲ್ಲ, ಬರೀ ಕೋಣೆಗಳು. ಒಂದರ ನೆಲ ಕಪ್ಪು, ಪಕ್ಕದ್ದರ ನೆಲ ಬಿಳುಪು. ಅವನು ಕಪ್ಪು ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದ, ನೆಲ ತಂಪಾಗಿತ್ತು. ಹತ್ತಿರದಲ್ಲೇ ಎಲ್ಲೋ ಹೆಂಡತಿ ಕುಂಚ ತೊಳೆಯುವ ಸದ್ದು, ಡಬ್ಬದಲ್ಲಿ ನೀರು ತಿರುಗುವ ಸದ್ದು. ಅವಳು ನಿಂತದ್ದೂ ಕಪ್ಪು ನೆಲದ ಮೇಲೆಯೇ ಎಂದು ಹೇಗೋ ಅವನಿಗೆ ಗೊತ್ತಿತ್ತು. ಎಡಗಡೆಯ ಬಾಗಿಲು ತೆಗೆದ, ಬಿಳಿ ನೆಲ. ಬಲಗಡೆಯದು ತೆಗೆದ, ಬಿಳಿ ನೆಲ. ಅವನು ಹಾದುಹೋದ ಕೋಣೆಗಳು ಬೆನ್ನ ಹಿಂದೆ ಪುಟ ಮಗುಚಿದಂತೆ ಸದ್ದಿಲ್ಲದೆ ಮಡಚಿಕೊಳ್ಳುತ್ತಿದ್ದವು. ಮತ್ತೊಂದು ಕಪ್ಪು ಕೋಣೆ, ಅಲ್ಲಿಂದ ಮತ್ತೆ ಬಿಳಿ. ಭಯವೇನೂ ಇರಲಿಲ್ಲ. ಎಷ್ಟು ನಡೆದರೂ ನೀರಿನ ಸದ್ದು ಅಷ್ಟೇ ಹತ್ತಿರ, ಅಷ್ಟೇ ದೂರ. ಕಪ್ಪು ಕೋಣೆಯಿಂದ ಕಪ್ಪು ಕೋಣೆಗೆ ಬಾಗಿಲಿಡುವ ಜಾಗವೇ ಆ ಮನೆಯಲ್ಲಿರಲಿಲ್ಲ. ಬಡಗಿಯಾದ ಅವನು ಗೋಡೆಗಳನ್ನು ಕೈಯಿಂದ ಸವರಿ ಸವರಿ ಅದನ್ನು ಒಪ್ಪಿಕೊಂಡ.

ಕಣ್ಣು ಬಿಟ್ಟಾಗ ಪರದೆಯಕ್ಕ ನಿಜವಾಗಿಯೂ ಕುಂಚ ತೊಳೆಯುತ್ತಿದ್ದಳು.

"ಆಗಲ್ಲ ಕಣೆ," ಎಂದ ಅವನು, ಮಲಗಿದಲ್ಲಿಂದಲೇ. "ಆ ಹುಡುಗಿ ಹೇಳಿದ್ದೇ ನಿಜ. ಒಂದೇ ಬಣ್ಣದ ಮನೆಯವು ಅಕ್ಕಪಕ್ಕ ಆಗಲ್ಲ."

ಅವಳು ಕೈ ಒರೆಸಿಕೊಂಡು ಬಂದು ಅವನ ಪಕ್ಕ ನೆಲದ ಮೇಲೆ ಕೂತಳು. ರಟ್ಟಿನ ಮಾದರಿಯನ್ನು ತೊಡೆಯ ಮೇಲೆ ಹರಡಿಕೊಂಡು ಬೆರಳಿನಿಂದ ಹುಡುಕಿದಳು. ಹಡಗಿನ ಚೌಕಕ್ಕೆ ಮೇಸ್ತ್ರಿ ಗುರುತಿಗೆಂದು ಒಂದು ಗುಂಡಿ ಅಂಟಿಸಿದ್ದ, ದೀಪಸ್ತಂಭಕ್ಕೆ ಬೆಂಕಿಕಡ್ಡಿ. ಮಡಚಿದಳು, ಬಿಡಿಸಿದಳು, ಇನ್ನೊಮ್ಮೆ ಮಡಚಿದಳು. ಗುಂಡಿ ಕೆಳಸಾಲಿನ ಎಡತುದಿಗೆ ಬಂದು ನಿಂತಿತು. ಬೆಂಕಿಕಡ್ಡಿ ಮೇಲುಸಾಲಿನ ಎರಡನೆಯ ಮನೆಗೆ. ಅವಳ ಹೆಬ್ಬೆರಳು ನಡುವೆ ಒಂದು ಕಡೆ ನಿಂತುಬಿಟ್ಟಿತು.

"ಇಲ್ಲಿ?"

"ಅದು ಮೂಲೆ."

"ಮೂಲೆಗೆ ಮೂಲೆ ತಾಗಿದೆಯಲ್ಲ."

"ತಾಗಿದೆ. ಸೂಜಿಮೊನೆಯಷ್ಟು."

"ಬೆಳಕಿಗೆ ಎಷ್ಟು ಜಾಗ ಬೇಕು?" ಎಂದಳು ಪರದೆಯಕ್ಕ.

ಮೇಸ್ತ್ರಿ ಎದ್ದು ಕೂತ. ತಕ್ಷಣ ಲೆಕ್ಕದ ಟೀಚರಿಗೆ ಫೋನ್ ಮಾಡಿದ. ಅವಳು ತರಗತಿಯ ಹೊರಗೆ ನಿಂತು ಕೇಳಿಸಿಕೊಂಡಳು. ಆಮೇಲೆ, "ಮೂಲೆಗೆ ಲೆಕ್ಕದ ಅಡ್ಡಿ ಇಲ್ಲ ಮಾವ," ಎಂದಳು. "ನೀವು ಅಂಚು ಕೇಳಿದ್ರಿ, ನಾನು ಅಂಚು ಹೇಳ್ದೆ. ಅತ್ತೆಗೆ ಹೇಳಿ, ನನಗೆ ನಾಚ್ಕೆ ಆಗ್ತಿದೆ ಅಂತ."

ಪರದೆಯಕ್ಕ ದೀಪಸ್ತಂಭದ ತುದಿಯಿಂದ ಕೆಳಗಿನ ಎಡಮೂಲೆಯವರೆಗೆ ಬೆಳಕಿನ ಪಟ್ಟೆ ಎಳೆದಳು. ಮೂಲೆಗೆ ಬರುತ್ತ ಬರುತ್ತ ಅದು ದಾರದಷ್ಟಾಯಿತು. ಹಡಗಿನ ಹಲಗೆಯಲ್ಲಿ ಮೇಲಿನ ಬಲಮೂಲೆಯಿಂದ ಹೊರಟ ಇನ್ನೊಂದು ದಾರ ಅಗಲವಾಗುತ್ತ ಹೋಗಿ ಅಡುಗೆಮನೆಯ ದುಂಡು ಕಿಟಕಿಯಲ್ಲಿ ಇಳಿಯಿತು. ಮೊದಲ ಚಿತ್ರದಲ್ಲಿ, ಬೆಳಗಿನ ಬಂದರಿನಲ್ಲಿ, ಅದು ಹಾಯಿಕಂಬದ ಹಗ್ಗದ ಮೇಲೆ ಬಿಸಿಲು ಬಿದ್ದಂತೆ ಮಾತ್ರ ಕಾಣಬೇಕು. ಅದಕ್ಕೆಂದೇ ಪಕ್ಕದಲ್ಲೊಂದು ಹಗ್ಗವನ್ನೂ ಬರೆದಳು. ಎರಡು ದಿನದ ಕೆಲಸ.

ನಿರ್ದೇಶಕಿ ಬಂದು, "ಪಕ್ಕಪಕ್ಕ ಅಂದಿದ್ದೆನಲ್ಲ ಅಕ್ಕ," ಎಂದಳು.

"ಪಕ್ಕಪಕ್ಕ ಬರಲ್ಲ. ಬಂದಿದ್ದನ್ನ ನೋಡಿ," ಎಂದಳು ಪರದೆಯಕ್ಕ.

ಹಡಗಿನವರ ಪಾತ್ರದ ಆರು ನಟರು ಹಲಗೆಗಳನ್ನು ಮಲಗಿಸಿ, ಮಡಚಿ, ತಿರುಗಿಸಿ, ಬಿಡಿಸಿ ಎತ್ತಿದರು. ನಡುವಿದ್ದ ಸಮುದ್ರ ತಲೆಕೆಳಗಾಗಿ ಹಡಗಿನ ಮೇಲೆ ಆಕಾಶವಾಗಿ ಕೂತಿತ್ತು. ದೀಪಸ್ತಂಭದಿಂದ ಓರೆಯಾಗಿ ಇಳಿದ ಬೆಳಕು ಒಂದೇ ಒಂದು ಚುಕ್ಕಿಯ ಮೂಲಕ ಹಾದು ಹಡಗಿನ ಕಿಟಕಿಗೆ ಬಿದ್ದಿತ್ತು. ನಿರ್ದೇಶಕಿ ಹೊಟ್ಟಿನ ಚೀಲದ ಮೇಲೆ ಕೂತುಬಿಟ್ಟಳು. ತುಸು ಹೊತ್ತಿನ ಮೇಲೆ ಕಾಗದ ತೆಗೆದು ಕೊನೆಯ ಎರಡು ಮಾತುಗಳ ಮೇಲೆ ಗೀಟು ಹಾಕಿ, "ಇವು ಬೇಕಾಗಿಲ್ಲ," ಎಂದಳು.

ಮೊದಲ ಪ್ರದರ್ಶನ ಶನಿವಾರ ಮಧ್ಯಾಹ್ನ. ಮೇಸ್ತ್ರಿ ರಂಗದ ಪಕ್ಕದ ಮರೆಯಲ್ಲಿ ನಿಂತಿದ್ದ. ಪರದೆಯಕ್ಕ ಮೇಲೆ ಬಾಲ್ಕನಿಯ ಮೊದಲ ಸಾಲಿನಲ್ಲಿ. ಎಲ್ಲ ಸಲೀಸಾಗಿ ನಡೆಯಿತು, ಕೊನೆಯ ಮಡಿಕೆಯವರೆಗೆ. ಅಲ್ಲಿ ಆರು ಮಂದಿಯಲ್ಲಿ ದಪ್ಪಗಿದ್ದ ನಟ ಕೈಗೆ ಸಿಕ್ಕ ಅಂಚನ್ನು ಎತ್ತಿಬಿಟ್ಟ. ತಪ್ಪು ಅಂಚು. ಹಲಗೆಗಳು ಟಪಟಪನೆ ತಮ್ಮ ಪಾಡಿಗೆ ತಾವು ಬೇರೆಲ್ಲಿಗೋ ಹೊರಟವು. ದೀಪಸ್ತಂಭ ಒಂದೇ ಮೇಲೆದ್ದು ಮೂಗಿನಂತೆ ಮುಂದಕ್ಕೆ ಚಾಚಿ ನಿಂತಿತು. ದಪ್ಪ ನಟ ಕಲ್ಲಾದ. ಮೇಸ್ತ್ರಿ ಮರೆಯಿಂದ ಒಂದು ಹೆಜ್ಜೆ ಮುಂದಿಟ್ಟು ನಿಂತ. ಕೂಗಿ ಹೇಳುವಂತಿಲ್ಲ. ಪಟ್ಟಿ ಹರಿದಿಲ್ಲ, ಹರಿಯುವುದೂ ಇಲ್ಲ. ಯಾವುದರ ಪಕ್ಕ ಯಾವುದೋ ಅದು ಹಾಗೇ ಇದೆ. ಬಂದ ದಾರಿಯಲ್ಲೇ ಹಿಂದಕ್ಕೆ ಹೋದರೆ ಸಾಕು ಎಂದು ಅವನು ಮನಸ್ಸಿನಲ್ಲೇ ಹೇಳಿಕೊಂಡ. ಕೈಗಳು ಗಾಳಿಯಲ್ಲಿ ತಾವಾಗಿಯೇ ಮಡಚತೊಡಗಿದವು.

ಅಡುಗೆಯವಳ ಪಾತ್ರದ ನಟಿ ಸೌಟು ಹಿಡಿದುಕೊಂಡೇ ದಪ್ಪ ನಟನ ಬಳಿ ಬಂದಳು. "ಆ ಕಡೆ ಅಲ್ಲಣ್ಣ," ಎಂದಳು, ನಾಟಕದಲ್ಲಿ ಇಲ್ಲದ ಮಾತನ್ನು ಇದ್ದ ಹಾಗೆ. "ಎಷ್ಟು ವರ್ಷದಿಂದ ಇದೇ ನೀರಲ್ಲಿದೀವಿ, ಇನ್ನೂ ದಾರಿ ಗೊತ್ತಾಗ್ಲಿಲ್ವ?"

ಸಭಾಂಗಣ ಮೆಲ್ಲಗೆ ನಕ್ಕಿತು. ದಪ್ಪ ನಟನಿಗೆ ಜೀವ ಬಂತು. ಎತ್ತಿದ್ದನ್ನು ಇಳಿಸಿದ, ಮಡಚಿದ, ಇನ್ನೊಂದು ಅಂಚು ಹಿಡಿದ. ಹಲಗೆಗಳು ಒಂದೊಂದಾಗಿ ಗಾಳಿಯಲ್ಲಿ ನಿಂತು, ಯೋಚಿಸಿ, ಇಳಿದವು. ಸಮುದ್ರ ಆಕಾಶವಾಯಿತು. ಬೆಳಕು ಮೂಲೆ ದಾಟಿತು.

ಮೇಸ್ತ್ರಿ ಬಾಲ್ಕನಿಯತ್ತ ಕತ್ತೆತ್ತಿದ. ಎಲ್ಲರ ಮುಖವೂ ರಂಗದ ಕಡೆ ಇತ್ತು, ಅವನ ಹೆಂಡತಿಯದು ಒಂದನ್ನು ಬಿಟ್ಟು. ಅವಳು ಪೂರ್ತಿ ಪಕ್ಕಕ್ಕೆ ತಿರುಗಿ ಬರಿಗೋಡೆಯನ್ನು ನೋಡುತ್ತ ಕೂತಿದ್ದಳು. ಅವಳಷ್ಟು ಚೆನ್ನಾಗಿ ಆ ಹೊತ್ತಿನಲ್ಲಿ ಇನ್ಯಾರೂ ನೋಡುತ್ತಿಲ್ಲ ಎಂದು ಅವನಿಗೆ ಅನಿಸಿತು.

ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಹೇಳಿದಳು: "ಪಕ್ಕದ ಹೆಂಗಸು ಕೇಳಿದ್ಲು, 'ಬೇಜಾರಾಯ್ತೇನಮ್ಮ?' ಅಂತ."

"ನೀನೇನಂದೆ?"

"'ಇಲ್ಲ, ನೋಡ್ತಾ ಇದೀನಿ' ಅಂದೆ. ಪಾಪ, ಅವಳೂ ಒಂದು ಸಲ ಗೋಡೆ ನೋಡಿದ್ಲು."

ನಾಟಕ ಹತ್ತೊಂಬತ್ತು ಪ್ರದರ್ಶನ ಕಂಡಿತು. ಅಷ್ಟರಲ್ಲಿ ಪರದೆಯಕ್ಕನ ಕಣ್ಣು ಇನ್ನೊಂದಿಷ್ಟು ಮಬ್ಬಾಯಿತು. ಡಾಕ್ಟರು ಅಚ್ಚರಿಪಡಲಿಲ್ಲ, ಅವಳೂ ಪಡಲಿಲ್ಲ. ಮುಂದಿನ ನಾಟಕಕ್ಕೆ ನಿರ್ದೇಶಕಿ ಕೇಳಿದಾಗ, "ನಾನು ಬರಿಯಲ್ಲ, ಬರಿಯೋರನ್ನ ಕರ್ಕೊಂಡ್ಬನ್ನಿ, ಪಕ್ಕದಲ್ಲಿ ಕೂತು ಬೈತೀನಿ," ಎಂದಳು. ಚಿತ್ರಕಲೆ ಕಲಿತ ಇಬ್ಬರು ಯುವತಿಯರು ಬಂದರು. ಅವಳ ಬೈಗುಳಕ್ಕೆ ಮೊದಲ ವಾರ ಅತ್ತರು, ಎರಡನೆಯ ವಾರದಿಂದ ಊಟದ ಡಬ್ಬಿಯನ್ನು ಅವಳ ಜೊತೆಯೇ ಬಿಚ್ಚತೊಡಗಿದರು.

ಹಲಗೆಗಳನ್ನು ಲೆಕ್ಕದ ಟೀಚರ್ ತನ್ನ ಕಾಲೇಜಿಗೆ ಕೇಳಿದಳು. ಮಡಚಿದರೆ ಎಂಟೂ ಸೇರಿ ಒಂದು ದಪ್ಪ ಪೆಟ್ಟಿಗೆಯಷ್ಟಾಗುತ್ತಿದ್ದವು. ಒಂದು ಬೆಳಗ್ಗೆ ತೆರೆದ ಲಾರಿಯಲ್ಲಿ ಅವನ್ನು ಹಾಕಿಕೊಂಡು ಗಂಡ ಹೆಂಡತಿ ಇಬ್ಬರೂ ಹೋದರು. ಕಾಲೇಜಿನ ಹಜಾರದಲ್ಲಿ ಹತ್ತು ಹದಿನೈದು ವಿದ್ಯಾರ್ಥಿಗಳು ಕಾದಿದ್ದರು. ಮೇಸ್ತ್ರಿ ಎರಡು ಸಲ ಮಡಚಿ ತೋರಿಸಿ ಪಕ್ಕಕ್ಕೆ ಸರಿದ. ಅವರು ವಾದ ಮಾಡುತ್ತ, ಒಬ್ಬರ ಕೈಯಿಂದ ಒಬ್ಬರು ಕಸಿಯುತ್ತ, ಅವನು ಯಾವತ್ತೂ ಕಾಣದ ಆಕಾರಗಳನ್ನು ಎಬ್ಬಿಸಿದರು. ಒಂದು ಹೊತ್ತಿನಲ್ಲಿ ಹಲಗೆಗಳು ನೆಟ್ಟಗೆ ನಿಂತು, ತಮ್ಮೊಳಗೇ ಬಾಗಿ, ಗೋಡೆಗೆ ಗೋಡೆ ಸೇರಿ ಪುಟ್ಟದೊಂದು ಕೋಣೆಯಾದವು. ಬಣ್ಣದ ಮೈಯೆಲ್ಲ ಒಳಮುಖ, ಹೊರಗೆ ಬರೀ ಮರ, ಬಟ್ಟೆ, ಪಟ್ಟಿ. ಒಂದು ಬದಿಯಲ್ಲಿ ಒಬ್ಬರು ನುಸುಳುವಷ್ಟು ಸಂದಿ.

ಪರದೆಯಕ್ಕ ಕೈಯಿಂದ ಸಂದಿಯನ್ನು ಸವರಿ ನೋಡಿ, ಯಾರನ್ನೂ ಕೇಳದೆ, ಒಳಗೆ ಹೋಗಿಬಿಟ್ಟಳು.

"ಹೇಗಿದೆ ಅತ್ತೆ?" ಎಂದು ಲೆಕ್ಕದ ಟೀಚರ್ ಹೊರಗಿನಿಂದ ಕೇಳಿದಳು.

ಒಳಗಿನಿಂದ ಉತ್ತರ ಬಂತು: "ನಿಮ್ಮ ಮಾವನ್ನ ಕಳಿಸು."

ಮೇಸ್ತ್ರಿ ಭುಜ ಓರೆ ಮಾಡಿಕೊಂಡು ನುಸುಳಿದ. ಒಳಗೆ ಇಬ್ಬರು ನಿಲ್ಲುವಷ್ಟೇ ಜಾಗ. ಕ್ಯಾನ್ವಾಸಿನ ಮೂಲಕ ಸೋಸಿ ಬಂದ ಬೆಳಕಿನಲ್ಲಿ ನಾಲ್ಕೂ ಕಡೆ ನೀರು ಮಿನುಗುತ್ತಿತ್ತು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

"ಯಾವ ಕಡೆ ನೋಡಿದ್ರೂ ಪಕ್ಕದಲ್ಲಿ ಸಮುದ್ರ ಇದೆ ಕಣ್ರೀ," ಎಂದಳು ಅವಳು ತಗ್ಗಿದ ದನಿಯಲ್ಲಿ. "ಅಳಿಸ್ಹೋಗ್ತಾನೇ ಇಲ್ಲ."

ಹೊರಗೆ ವಿದ್ಯಾರ್ಥಿಗಳು ಮುಂದಿನ ಮಡಿಕೆ ಯಾವುದೆಂದು ಜಗಳವಾಡುತ್ತಿದ್ದರು. ಮೇಸ್ತ್ರಿ ಅವರಿಗೆ ಸ್ವಲ್ಪ ತಡೆಯಿರಿ ಎಂದು ಕೂಗಿ ಹೇಳಿ, ಅಲ್ಲೇ ನೆಲದ ಮೇಲೆ ಅವಳ ಪಕ್ಕ ಕಾಲು ಮಡಚಿ ಕೂತ.